ಕಿಸುಂಗಾ ರನ್‌ವೇಯ ನ್ಯಾಮಿಜಿ

"ತುಂಬಿದ ಚಹಾ ಲೋಟ ತಲೆ ಮೇಲಿಟ್ಕೊಂಡು ನನ್ನ ರನ್‌ವೇ ಮೇಲೆ ಸೈಕಲ್ ಹೊಡೀರಿ. ಒಂದು ತೊಟ್ಟು ಚೆಲ್ಲಿದ್ರೆ ಮೀಸೆ ಬೋಳಿಸ್ಕೋತೀನಿ!" ಎಂದು ಕಿಸುಂಗಾ ವಿಮಾನ ನಿಲ್ದಾಣದ ಮ್ಯಾನೇಜರ್ ಮಶೌರಿ ಊರ ಚಹಾದಂಗಡಿಗಳಲ್ಲೆಲ್ಲ ಸಾರಿದ್ದ. ಆ ರನ್‌ವೇ ಮೇಲೆ ಅವನು ಮೂರು ವರ್ಷದಲ್ಲಿ ಮೂರು ಸಲ ಕಾಲಿಟ್ಟಿದ್ದ. ಅದರಲ್ಲಿ ಎರಡು ಸಲ ದಾರಿ ತಪ್ಪಿ.

ಅದನ್ನು ನಿಜಕ್ಕೂ ಸಾಕಿದವಳು ನ್ಯಾಮಿಜಿ. ಜಲ್ಲಿ ಹಾಸಿದ್ದ ಕಾಲದಲ್ಲಿ ದನ ಓಡಿಸುವ ಕೆಲಸಕ್ಕೆ ಸೇರಿದವಳು, ಡಾಂಬರು ಬಂದಮೇಲೆ ಬಿರುಕು ಮುಚ್ಚಲು ಕಲಿತಳು. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ತಂಗಳು ಉಗಾಲಿ ಮುದ್ದೆ ತಿಂದು, ಕಾಂಗಾ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಕಬ್ಬಿಣದ ಸರಳಿನಿಂದ ನೆಲ ಕುಟ್ಟುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಟಣ್ ಎಂದರೆ ಗಟ್ಟಿ, ಡೊಬ್ ಎಂದರೆ ಪೊಳ್ಳು. ಬಿರುಕನ್ನು ತಂತಿಬ್ರಷ್ಷಿನಿಂದ ಉಜ್ಜಿ, ದೂಳು ಊದಿ, ಬಿಸಿ ಡಾಂಬರು ಹೊಯ್ದು, ಅಂಟದಿರಲೆಂದು ಮೇಲೆ ಮರಳು ಎರಚುತ್ತಿದ್ದಳು. ಅವಳು ಮುಚ್ಚಿದ ಬಿರುಕು ಮತ್ತೆ ಬಾಯಿ ಬಿಟ್ಟದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಆ ಸರಳಿನ ಸದ್ದಿಗೆ ನೆಲದೊಳಗಿನ ಗೆದ್ದಲುಗಳು ಎದ್ದುಬಂದು ಹಾಜರಿ ಕೊಡುತ್ತಿದ್ದವಂತೆ.

ರಾಜಧಾನಿಯಿಂದ ಪರೀಕ್ಷಕರೊಬ್ಬರು ಬರುತ್ತಾರೆಂದು ಪತ್ರ ಬಂತು. ಮಶೌರಿ ಜೀಪಿನ ಕಿಟಕಿಯಿಂದಲೇ ರನ್‌ವೇ ನೋಡಿ ಮೂಗು ಮುರಿದ.

"ಏನ್ ಮುದುಕಿ ಇದು, ಭಿಕ್ಷುಕನ ಕೌದಿ ಥರ? ಎಲ್ ನೋಡಿದ್ರೂ ಮರಳು, ತೇಪೆ! ಕಪ್ಪಗೆ ಮಿರಮಿರ ಅನ್ಬೇಕು. ಗ್ಯಾರೇಜಿಂದ ಸುಟ್ಟ ಆಯಿಲ್ ತರ್ಸಿದೀನಿ, ಬಳಿ."

"ಬಾಸ್, ಆಯಿಲ್ ಡಾಂಬರನ್ನ ತಿಂದ್ಹಾಕತ್ತೆ. ಬಿಸಿಲಿಗೆ ಹಲ್ವ ಆಗೋಗತ್ತೆ."

"ನಂಗೇ ಪಾಠ ಹೇಳ್ತೀಯಾ? ಬಳೀದಿದ್ರೆ ಪರೀಕ್ಷಕರು ಹೋದ ಮಾರನೇ ದಿನ ನಿನ್ನ ಕೆಲಸಾನೂ ಹೋಯ್ತು ಅಂತ ತಿಳ್ಕೋ. ಮನೇಲಿ ಕೂತು ಜೋಳ ಕುಟ್ಟು."

"ಜೋಳ ಕುಟ್ಟಿದ್ರೆ ಹಿಟ್ಟಾದ್ರೂ ಆಗತ್ತೆ. ನಾನಂತೂ ಬಳಿಯಲ್ಲ."

ಹಾಗೆಂದಳೇ ಹೊರತು ಆ ರಾತ್ರಿ ನಿದ್ದೆ ಬರಲಿಲ್ಲ. ಆ ಕೆಲಸ ಬಿಟ್ಟರೆ ಅವಳಿಗೆ ಗೊತ್ತಿದ್ದ ಲೋಕ ಬೇರೊಂದಿರಲಿಲ್ಲ.

ಮಶೌರಿ ಮಾಲಿ, ಕಾವಲುಗಾರ, ಡ್ರೈವರ್ ಎಲ್ಲರ ಕೈಗೂ ಪೊರಕೆ ಕೊಟ್ಟು ಬಳಿಸಿದ. ಅರ್ಧ ರನ್‌ವೇಗೆ ಆಯಿಲ್ ತೀರಿತು. ಹೊರಗೆ ಥಳುಕು, ಒಳಗೆ ಹುಳುಕು. ಎಷ್ಟು ಮಿಂಚುತ್ತಿತ್ತೆಂದರೆ, ಹಾರಿ ಹೋಗುತ್ತಿದ್ದ ಕೊಕ್ಕರೆಗಳು ಕನ್ನಡಿಯೆಂದು ಕೆಳಗಿಳಿದು ಪುಕ್ಕ ತಿದ್ದಿಕೊಂಡು ಹೋದವು.

ಪರೀಕ್ಷಕರು ನಡುಮಧ್ಯಾಹ್ನ ಜೀಪಿನಲ್ಲಿ ಬಂದರು. ಹೊಸ ಬೂಟು ತೊಟ್ಟಿದ್ದ ಮಶೌರಿ ಮಿಂಚುವ ಭಾಗದ ನಟ್ಟನಡುವೆ ನಿಂತು ಸ್ವಾಗತ ಭಾಷಣ ಶುರು ಮಾಡಿದ. ತನ್ನ ಸೇವೆ, ತನ್ನ ತ್ಯಾಗ, ತನ್ನ ತಾತನ ದೂರದೃಷ್ಟಿ. ಪರೀಕ್ಷಕರು ಅಂಚಿನ ಹುಲ್ಲಿನ ಮೇಲೆ ಕೊಡೆ ಹಿಡಿದು ಆಕಳಿಸುತ್ತಿದ್ದರು. ನಲವತ್ತು ನಿಮಿಷದ ಮೇಲೆ "ಬನ್ನಿ ಸರ್, ನೋಡಿ" ಎಂದು ಹೆಜ್ಜೆ ಎತ್ತಿದ. ಹೆಜ್ಜೆ ಬರಲಿಲ್ಲ. ಜಗ್ಗಿದ, ಡಾಂಬರು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಂತು. ಕೊನೆಗೆ ಮನುಷ್ಯ ಹೊರಬಂದ, ಬೂಟುಗಳು ಅಲ್ಲೇ ಉಳಿದವು.

ಪರೀಕ್ಷಕರು ಅಂಚಿನಲ್ಲಿ ಕೂತು ಪೆನ್ನು ಒತ್ತಿದರು. ಅದು ಅರ್ಧ ಇಳಿಯಿತು.

"ವಿಮಾನ ಇಳಿದ್ರೂ ಇದೇ ಗತಿ. ನಿಲ್ದಾಣಾನೇ ಮುಚ್ಚಿಸ್ಬಿಡ್ತೀನಿ."

"ಆಯಿಲ್ ಸೋಕದ ಆ ತುದಿ ಒಂದ್ಸಲ ನೋಡ್ಬಿಡಿ, ಯಜಮಾನ್ರೇ," ಎಂದು ಅಂಚಿನಲ್ಲೇ ನಿಂತಿದ್ದ ನ್ಯಾಮಿಜಿ ಸರಳನ್ನು ಅವರ ಕೈಗಿತ್ತಳು.

ಅವರು ಕುಟ್ಟುತ್ತ ಹೋದರು. ಟಣ್. ಟಣ್. ಕೊನೆಯವರೆಗೂ ಟಣ್.

"ಇದ್ಯಾರು ಮಾಡಿದ್ದು?"

"ನಾನೇ."

"ಚಿಕ್ಕ ವಿಮಾನಕ್ಕೆ ಈ ಅರ್ಧ ಸಾಕು. ಆ ಅರ್ಧ ಕೆತ್ತಿಸಿ ಹೊಸದಾಗಿ ಹಾಕ್ಸಮ್ಮ. ನಿನ್ನ ಕೇಳ್ದೆ ಯಾರೂ ಇಲ್ಲಿ ಒಂದು ಹನಿ ಬಳೀಕೂಡ್ದು," ಎಂದು ವರದಿಯಲ್ಲೂ ಹಾಗೇ ಬರೆದು, ಸರಳನ್ನು ಅವಳಿಗೆ ವಾಪಸ್ ಕೊಟ್ಟು ಜೀಪು ಹತ್ತಿದರು.

ಹುಲ್ಲಿನ ಮೇಲೆ ಬರೀ ಕಾಲುಚೀಲದಲ್ಲಿ ನಿಂತಿದ್ದ ಮಶೌರಿಯ ದನಿ ಜೇನಾಗಿತ್ತು.

"ನ್ಯಾಮಿಜಿ, ತಾಯೀ, ಹೊಸ ಬೂಟಮ್ಮ... ನಿನ್ ಸರಳಲ್ಲಿ ಸ್ವಲ್ಪ ಮೀಟಿ ಕೊಡೆ."

ನ್ಯಾಮಿಜಿ ಬೂಟುಗಳನ್ನು ನೋಡಿದಳು, ಅವನನ್ನು ನೋಡಿದಳು.

"ಇರ್ಲಿ ಬಿಡಿ ಬಾಸ್. ಮೂರು ವರ್ಷದಲ್ಲಿ ಈ ರನ್‌ವೇಗೆ ನೀವು ಸ್ವಂತ ಹಾಕಿರೋ ತೇಪೆ ಅದೊಂದೇ."