ಬಿಚ್ಚಿಹೋದ ಕಥೆ

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಮಧುಗಿರಿಯ ನಮ್ಮ ಮನೆಯ ಪಡಸಾಲೆ ಕಣ್ಮುಂದೆ ಬರುತ್ತದೆ. ಅಲ್ಲೇ ಅಪ್ಪನ ಅಚ್ಚುಕೂಟ. ಮಸಿ ಹಿಡಿದ, ಒಂದೊಂದು ಅಕ್ಷರದ ಸೀಸದ ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದಾಗಿ ಜೋಡಿಸುತ್ತಿದ್ದವಳು ಅಪ್ಪನ ತಂಗಿ, ನನ್ನ ಗೌರತ್ತೆ. ಗಂಡ ತೀರಿಕೊಂಡ ಮೇಲೆ ಕೊಡಿಗೇನಹಳ್ಳಿಯಿಂದ ತವರಿಗೆ ಬಂದವಳು. ಶಿರಾ, ಕೊರಟಗೆರೆ, ಪಾವಗಡದವರೆಗೂ ಹೋಗುತ್ತಿದ್ದ ಲಗ್ನಪತ್ರಿಕೆಗಳೆಲ್ಲ ಅವಳ ಬೆರಳಿನಿಂದಲೇ ಹೊರಟವು. ತಳದಲ್ಲಿ ಇರುತ್ತಿದ್ದುದು ಅಪ್ಪನ ಹೆಸರು.

ಅತ್ತೆ ಕಥೆ ಬರೆಯುತ್ತಿದ್ದಳು. ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಕಳಿಸಿದ ಕಥೆಗಳು ಅಚ್ಚಾಗಲಿಲ್ಲ, ಹೋಗಲಿ, ವಾಪಸ್ಸೂ ಬರಲಿಲ್ಲ. ಸಿಟ್ಟಿಗೆ ಕಾಗದದ ಮೇಲೆ ಬರೆಯುವುದನ್ನೇ ಬಿಟ್ಟಳು. ಅಡುಗೆ, ಮುಸುರೆ ಮುಗಿಸಿ ಬಂದು, ತಲೆಯಲ್ಲಿದ್ದ ಹೊಸ ಕಥೆಯನ್ನು ನೇರವಾಗಿ ಮೊಳೆಗಳಲ್ಲೇ ಜೋಡಿಸತೊಡಗಿದಳು. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಆ ಅಕ್ಷರಗಳನ್ನು ಓದಲು ಅವಳನ್ನೂ ಅಪ್ಪನನ್ನೂ ಬಿಟ್ಟರೆ ಬೇರೆ ಯಾರಿಗೂ ಬರುತ್ತಿರಲಿಲ್ಲ. "ಅಚ್ಚಾಗ್ಲಿ ತಡ್ಕೊ, ಮೊದ್ಲು ನೀನೇ ಓದೀಯಂತೆ" ಎಂದು ನನಗೆ ಹೇಳುತ್ತಿದ್ದಳು. ಕಾಗದ ಸಿಗದ ಕಾಲ ಅದು. "ಹಾಳೆ ಬರ್ಲಿ ಇರಮ್ಮ" ಎಂದು ಅಪ್ಪ ತಿಂಗಳುಗಟ್ಟಲೆ ಸಾಗಹಾಕಿದ. ಮೊಳೆಗಳು ಚದುರದಂತೆ ದಾರ ಸುತ್ತಿ ಬಿಗಿದ ಕಥೆ ಮೂಲೆಯ ಹಲಗೆಯ ಮೇಲೆ ಹಾಗೇ ಇತ್ತು. ಹಳೇ ಲಗ್ನಪತ್ರಿಕೆಯ ಬೆನ್ನಿಗಾದರೂ ಒಂದು ಪ್ರತಿ ಒತ್ತಿಡಬಹುದಿತ್ತಲ್ಲ! ಯಾರಿಗೂ ಹೊಳೆಯಲಿಲ್ಲ.

ಚುನಾವಣೆ ಬಂತು. ಅತ್ತೆ ಬಡವನಹಳ್ಳಿಗೆ ನಾಮಕರಣಕ್ಕೆ ಹೋಗಿದ್ದ ದಿನ ಅಭ್ಯರ್ಥಿಯೊಬ್ಬನ ಜೀಪು ಬಾಗಿಲಿಗೆ ಬಂದು ನಿಂತಿತು. ಕರಪತ್ರ ಬೇಕು, ಈಗಲೇ ಬೇಕು. ಜೀಪಿನಿಂದ ಇಳಿದದ್ದೇನು ಗೊತ್ತೇ? ಕಾಗದ! ಬೆಳ್ಳಗಿನ ಕಾಗದದ ಕಟ್ಟುಗಳು! ಕಥೆಗಿಲ್ಲದ ಕಾಗದ ಸುಳ್ಳಿಗೆ ಎಲ್ಲಿಂದ ಬಂತು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊಳೆ ಸಾಲದೆ ಅಪ್ಪ ಅತ್ತೆಯ ಕಥೆಯನ್ನು ಬಿಚ್ಚಿಹಾಕಿದ. ಸಂಜೆ ಮರಳಿದ ಅತ್ತೆ ಖಾಲಿ ಹಲಗೆ ನೋಡಿದಳು. "ಅಣ್ಣಾ, ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು, ಅಷ್ಟೇ. ಕರಪತ್ರದ ಹಿಂಬದಿ ಇನ್ನೂ ಬಾಕಿಯಿತ್ತು. ಸೆರಗು ಸಿಕ್ಕಿಸಿ ಅದನ್ನೂ ಅವಳೇ ಜೋಡಿಸಿದಳು. "ಇನ್ನೊಂದ್ಸಲ ಜೋಡ್ಸು ಅತ್ತೆ" ಎಂದು ಗೋಗರೆದೆ. "ಹೆಂಗ್ ಜೋಡಿಸ್ಲಿ ಕಣಮ್ಮ? ಮನ್ಸು ಸತ್ತೋಯ್ತು" ಎಂದಳು. ಮತ್ತೆ ಅವಳು ಕಥೆ ಮುಟ್ಟಲಿಲ್ಲ, ಅದರಲ್ಲಿ ಏನಿತ್ತೆಂದು ಬಾಯಿಬಿಡಲೂ ಇಲ್ಲ.

ಈಗ ಆ ಮನೆಯೂ ಇಲ್ಲ, ಅತ್ತೆಯೂ ಇಲ್ಲ. ನಿಮ್ಮ ಸೀಮೆಯ ಹೆಂಗಸರು ಬರೆಯಲೇ ಇಲ್ಲವಲ್ಲ ಎಂದು ಸಭೆಗಳಲ್ಲಿ ವಿದ್ವಾಂಸರು ಮರುಗುವಾಗ ಎದ್ದು ನಿಂತು ಕೂಗಬೇಕೆನಿಸುತ್ತದೆ. ಬರೆದಳು ಸ್ವಾಮಿ! ಏನು ಬರೆದಳೆಂದು ಮಾತ್ರ ಕೇಳಬೇಡಿ. ಅಪ್ಪನಿಗೆ ವಯಸ್ಸಾದ ಮೇಲೆ, ಅವನಿಗಾದರೂ ಗೊತ್ತಿರಬಹುದೆಂದು, ಆ ಕಥೆಯಲ್ಲಿ ಏನಿತ್ತೆಂದು ಒಮ್ಮೆ ಕೇಳಿದ್ದೆ.

ಅಪ್ಪ "ಬಿಚ್ಚೋ ಅವಸ್ರದಾಗೆ ಓದ್ಲಿಲ್ಲ ಕಣಮ್ಮ" ಎಂದ.