ಅಡ್ಡ ಎಂಜಿನ್ನಿನ ಪುಟ್ಟ ಕಾರು

ನನ್ನ ಗಂಡ ತೀರಿಕೊಂಡು ಒಂದು ಚಳಿಗಾಲ ಕಳೆಯಿತು. ಮನೆಗೆ ಬಂದವರು ಅವರ ಕೊನೆಯ ದಿನಗಳ ಬಗ್ಗೆ ಕೇಳುತ್ತಾರೆ, ನಾನೂ ಹೇಳುತ್ತೇನೆ. ಬಂದವರು ಹೊರಟ ಮೇಲೆ ಒಬ್ಬಳೇ ಕೂತಾಗ ಮನಸ್ಸು ಎಪ್ಪತ್ತರ ದಶಕದ ಮೊದಲ ವರ್ಷಗಳಿಗೆ ಹೋಗುತ್ತದೆ. ಆಗ ಅಮೆರಿಕದ ಪಿಸ್ಕಾಟವೇಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಇಟಲಿಯ ಒಂದು ಪುಟ್ಟ ಕಾರು ನಿಂತಿರುತ್ತಿತ್ತು. ಅದನ್ನು ನೆನೆದರೆ ಎದೆ ಹಗುರಾಗುತ್ತದೆ.

ಅವರಿಗೆ ನಕ್ಷೆ ಬರೆಯುವ ಕೆಲಸ, ಪಂಪು ವಾಲ್ವುಗಳ ನಕ್ಷೆ. ಕಾರು ಅವರ ಹುಚ್ಚು. ಅಲ್ಲಿದ್ದ ನಮ್ಮ ದೇಶದವರು ಯಾರೇ ಆದರೂ ಹಡಗಿನಂಥ ಹಳೆಯ ಅಮೆರಿಕನ್ ಕಾರು ಕೊಳ್ಳುತ್ತಿದ್ದ ಕಾಲ. ನಮ್ಮಲ್ಲೂ ಅಂಥದೊಂದು ಇತ್ತು. ಅದು ಕೈಕೊಟ್ಟಾಗ ಇವರು ಹೋಗಿ ಈ ಸಣ್ಣದನ್ನು ತಂದರು.

ಇಷ್ಟು ಸಣ್ಣ ಗಾಡಿ ಯಾಕೆ ಅಂತ ಕೇಳಿದ್ದಕ್ಕೆ ಅಡುಗೆಮನೆಯಿಂದ ಲಟ್ಟಣಿಗೆ ತಂದು ಒಂದು ಬೂಟಿನ ಪೆಟ್ಟಿಗೆಯೊಳಗೆ ಇಟ್ಟರು.

"ರೀ, ಬೂಟಿನ ಪೆಟ್ಟಿಗೇಲಿ ಲಟ್ಟಣಿಗೆ ಇಡ್ತೀರಲ್ಲ!"

"ತೊಳೆದುಕೊಡ್ತೀನಿ, ಮೊದಲು ನೋಡು. ಎಂಜಿನ್ನು ಹೀಗೆ ಉದ್ದಕ್ಕೆ ಮಲಗಿದ್ರೆ ಅರ್ಧ ಪೆಟ್ಟಿಗೆ ಅದಕ್ಕೇ ಹೋಯ್ತು. ಅಡ್ಡ ಮಲಗಿಸಿದ್ರೆ ಉಳಿದಿದ್ದೆಲ್ಲ ಮನುಷ್ಯರಿಗೆ."

ಸಂಸಾರವೊಂದು ಆರಾಮಾಗಿ ಕೂರುವಷ್ಟು ಜಾಗ ಮೊದಲು, ಯಂತ್ರಕ್ಕೆ ಉಳಿದ ಜಾಗ: ಹಾಗೆ ಯೋಚಿಸಿದ್ದರಂತೆ ಅದನ್ನು ರೂಪಿಸಿದವರು. ಎಂಜಿನ್ನು ಅಡ್ಡ ಮಲಗಿದ ಮೇಲೆ ಗೇರ್‌ಬಾಕ್ಸ್ ಎಲ್ಲಿಡುವುದು ಎಂಬುದೇ ಅವರಿಗೆ ತಲೆನೋವಾಯಿತಂತೆ. ಕೊನೆಗೆ ಅದನ್ನು ಎಂಜಿನ್ನಿನ ತುದಿಗೇ ಸೇರಿಸಿದರು. ಅದರಿಂದ ಮುಂದಿನ ಎರಡು ಚಕ್ರಗಳನ್ನು ತಿರುಗಿಸುವ ಸರಳುಗಳಲ್ಲಿ ಒಂದು ಗಿಡ್ಡ, ಒಂದು ಉದ್ದ. ಇದು ನಡೆದೀತೋ ಇಲ್ಲವೋ ಎಂಬ ಅಳುಕಿಗೆ, ಮೊದಲು ಬೇರೆ ಹೆಸರಿನಲ್ಲಿ ಮಾರುವ ಕಾರಿಗೆ ಹಾಕಿ ವರ್ಷಗಟ್ಟಲೆ ನೋಡಿ, ಆಮೇಲೆ ಇದಕ್ಕೆ ಹಾಕಿದರಂತೆ. "ನೀನು ಹೊಸ ಅಡುಗೆನ ಮೊದಲು ನನಗೆ ಬಡಿಸ್ತೀಯಲ್ಲ, ಹಾಗೆ" ಅಂದಿದ್ದರು.

ಪಕ್ಕದ ಬ್ಲಾಕಿನಲ್ಲಿ ಧಾರವಾಡದ ಗೆಳೆಯರೊಬ್ಬರಿದ್ದರು, ಭಾರೀ ಆಳು. ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿನ ಜೊತೆಗೇ ಸ್ಟೆಪ್ನಿ ಚಕ್ರವೂ ಮಲಗಿತ್ತು. "ಏನಪಾ ಇದು, ಕಾರೋ ಟಿಫಿನ್ ಡಬ್ಬಿಯೋ? ಎಲ್ಲಾನೂ ಒಂದರಾಗ ತುರುಕ್ಯಾರ!"

ಕಾರು ಬಂದ ಮೇಲಿನ ಮೊದಲ ಜನವರಿಯಲ್ಲಿ ನನಗೆ ಆರು ತಿಂಗಳು. ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಒಬ್ಬಳೇ ಹೊರಟಳು. ವಿಮಾನವನ್ನೇ ಕಂಡವಳಲ್ಲ, ಇಂಗ್ಲಿಷ್ ಒಂದಕ್ಷರ ಬಾರದು. ಟ್ರಂಕ್ ಕಾಲಿನಲ್ಲಿ ಕೂಗಿ ಹೇಳಿದ್ದಳು: "ವಿಮಾನ ಇಳಿದ ಮೇಲೆ ನಿನ್ನ ಮುಖ ಕಾಣೋ ತನಕ ನಾನು ಕೂತಲ್ಲಿಂದ ಏಳಲ್ಲ, ನೀರೂ ಮುಟ್ಟಲ್ಲ ಕಣೇ." ಹೇಳಿದಂತೆ ಮಾಡುವ ಹೆಂಗಸು.

ಅಮ್ಮ ಇಳಿಯುವ ಹಿಂದಿನ ದಿನವೆಲ್ಲ ಹಿಮ ಬಿತ್ತು. ಬೆಳಿಗ್ಗೆ ನಿಂತಿತು, ವಿಮಾನ ಬರುತ್ತದೆಂದೂ ತಿಳಿಯಿತು. ನಾವು ನ್ಯೂಯಾರ್ಕಿನ ವಿಮಾನ ನಿಲ್ದಾಣಕ್ಕೆ ಹೊರಟೆವು. ಪಾರ್ಕಿಂಗ್ ಜಾಗದಿಂದ ರಸ್ತೆಗೆ ಒಂದು ಸಣ್ಣ ಏರು. ಅರ್ಧಕ್ಕೆ ಹೋಗಿ ಚಕ್ರ ಗಿರಗಿರ ತಿರುಗಿತು, ಕಾರು ಮೆಲ್ಲಗೆ ಹಿಂದಕ್ಕೆ ಜಾರಿತು. ಮತ್ತೆ ಹತ್ತಿಸಿದರು, ಮತ್ತೆ ಜಾರಿತು. ಧಾರವಾಡದ ಗೆಳೆಯರು ಓಡಿಬಂದು ತಳ್ಳಿದರೂ ಅಷ್ಟೇ. ನನ್ನ ಕಣ್ಣ ಮುಂದೆ ಅಮ್ಮ ಯಾವುದೋ ಬೆಂಚಿನ ತುದಿಯಲ್ಲಿ ಬಾಯಾರಿ ಕೂತಿದ್ದಳು. ಅಳು ಬಂತು.

ಇವರು ಸಲಿಕೆ ತೆಗೆಯಲು ಇಳಿದು ಡಿಕ್ಕಿ ತೆರೆದರು. ಕಾರಿನ ಹಿಂದಿನಿಂದ ಅವರ ನಗು ಕೇಳಿಸಿತು.

ಈಗ ಹತ್ತಿರದ ಐಸೆಲಿನ್‌ನ ಭಾರತೀಯ ಅಂಗಡಿಗಳಿಗೆ ಹೋದರೆ ಬೇಕಾದ ಅಕ್ಕಿ ಸಿಗುತ್ತದೆ. ಆಗ ನ್ಯೂಯಾರ್ಕಿಗೆ ಹೋಗಿ ದೊಡ್ಡ ಚೀಲಗಳಲ್ಲಿ ತರಬೇಕಿತ್ತು. ಚಳಿಗಾಲವಿಡೀ ಆ ಚೀಲಗಳನ್ನು ಡಿಕ್ಕಿಯಲ್ಲೇ ಬಿಡುವುದು ನಮ್ಮವರ ರೂಢಿ. ಅಮೆರಿಕನ್ ಕಾರುಗಳನ್ನು ಹಿಂದಿನ ಚಕ್ರ ತಳ್ಳುತ್ತಿತ್ತು. ಅದರ ಮೇಲೆ ಭಾರವಿದ್ದರೆ ಹಿಮದಲ್ಲಿ ಜಾರುವುದಿಲ್ಲ. ಹಳೆಯ ಕಾರಿನ ಅಭ್ಯಾಸದಲ್ಲಿ ಇವರೂ ಎರಡು ಚೀಲ ಹಾಕಿಟ್ಟಿದ್ದರು.

"ಎಳೆಯೋ ಚಕ್ರ ಮುಂದೆ, ಅಕ್ಕಿ ಹಿಂದೆ! ಹಿಂದೆ ಭಾರ ಹೇರಿ ಮುಂದನ್ನ ನಾನೇ ಹಗುರ ಮಾಡಿದೀನಿ."

"ಹಂಗಾದ್ರ ಇಷ್ಟು ದಿನ ಲಟ್ಟಣಿಗಿ ಹಿಡಕೊಂಡು ಪಾಠ ಹೇಳಿದ್ದು ಯಾರಿಗಪಾ?" ಅಂದರು ಗೆಳೆಯರು.

ಇಬ್ಬರೂ ಸೇರಿ ಚೀಲಗಳನ್ನು ಮುಂದಕ್ಕೆ ತಂದರು. ನನ್ನ ಸೀಟನ್ನು ಹಿಂದಕ್ಕೆ ಸರಿಸಿ, ನನ್ನ ಕಾಲ ಬಳಿ ಒಂದರ ಮೇಲೊಂದು ಪೇರಿಸಿದರು. ನಾನು ಪಾದ ಎರಡನ್ನೂ ಅಕ್ಕಿಯ ಮೇಲಿಟ್ಟು ರಾಣಿಯಂತೆ ಕೂತೆ. ಚಕ್ರ ಒಮ್ಮೆ ತಡವರಿಸಿ ನೆಲ ಕಚ್ಚಿತು. ಏರು ಹತ್ತಿ ರಸ್ತೆ ಸೇರಿದೆವು. ಹಿಂದಿನಿಂದ ಗೆಳೆಯರು ಕೂಗಿದ್ದು ಶಾಪವೋ ಹಾರೈಕೆಯೋ ತಿಳಿಯಲಿಲ್ಲ.

ತಲುಪುವಾಗ ವಿಮಾನ ಇಳಿದು ಬಹಳ ಹೊತ್ತಾಗಿತ್ತು. ಅಮ್ಮ ಬೆಂಚಿನ ತುದಿಯಲ್ಲೇ ಕೂತಿದ್ದಳು, ತೊಡೆಯ ಮೇಲೆ ಚೀಲ, ಸೆರಗು ಕಿವಿಯ ತನಕ. ನನ್ನನ್ನು ನೋಡಿದಳು, ಹೊಟ್ಟೆ ನೋಡಿದಳು, ಆಮೇಲೆ ಎದ್ದಳು. ಗಡಿಬಿಡಿಯಲ್ಲಿ ಬೆವೆತಿದ್ದ ಇವರು ಅಲ್ಲೇ ಬಗ್ಗಿ ಕಾಲು ಮುಟ್ಟಿದರು. ತಲೆಯ ಮೇಲೆ ಕೈಯಿಟ್ಟ ಅಮ್ಮ, "ಅಯ್ಯೋ, ಕೂದಲೆಲ್ಲ ಒದ್ದೆ" ಅಂತ ಸೆರಗಿನಿಂದ ಒರೆಸತೊಡಗಿದಳು.

ಕಾರಿನ ಹತ್ತಿರ ಬಂದು ಮುಂದಿನ ಬಾಗಿಲೊಳಗೆ ಇಣುಕಿದಳು. "ಇದೇನು ಅಳಿಯಂದಿರೇ, ಅತ್ತೆ ಎಷ್ಟು ಉಣ್ತಾಳೋ ಅಂತ ಅಕ್ಕಿ ಮೂಟೆ ತಗೊಂಡೇ ಬಂದ್ರಾ?"

"ಇಲ್ಲ ಅತ್ತೆ, ನಿಮ್ಮ ಮಗಳು ಗಾಡಿ ಹತ್ತಿದ್ರೂ ಭಾರ ಸಾಲಲಿಲ್ಲ."

ಅಮ್ಮ ಒಂದು ಲೋಟ ನೀರು ಕುಡಿದು ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಳು. ಸೇತುವೆ ದಾಟುವ ಮೊದಲೇ ಅವಳಿಗೆ ನಿದ್ದೆ ಬಂತು. ದಾರಿಯ ಎರಡೂ ಕಡೆ ಬಿಸಿಲಿಗೆ ಹಿಮ ಹೊಳೆಯುತ್ತಿತ್ತು.

"ನೀನೂ ಮಲಕ್ಕೋ, ನಾನಿದೀನಲ್ಲ" ಅಂದರು ಇವರು.

ಅಮ್ಮನ ಉಸಿರು ಹಿಂದೆ ಕೇಳಿಸುತ್ತಿತ್ತು, ಇವರು ಪಕ್ಕದಲ್ಲಿದ್ದರು. ನಾನು ಕಣ್ಣು ಮುಚ್ಚಿದೆ.