ನನ್ನ ಎರಡು ಬೊಟ್ಟು ಕರಗಿದ ದಿನ

ನಮ್ಮ ಕಡೆ ತಾಳಿಗೆ ಎರಡು ಬೊಟ್ಟು, ಅಂದರೆ ಚಿನ್ನದ ಬಿಲ್ಲೆ. ಒಂದು ತವರಿನದು, ಇನ್ನೊಂದು ಅತ್ತೆಮನೆಯದು. ನಿಮ್ಮ ತಾತ ಹೋದ ಮೇಲೆ ಎರಡನ್ನೂ ನನ್ನ ಕೊರಳಿಂದ ಬಿಚ್ಚಿಸಿದರು. ಅವನ್ನು ಕರಗಿಸಿ ನಿಮ್ಮ ದೊಡ್ಡಕ್ಕನ ಮದುವೆಗೆ ಪದಕ ಮಾಡಿಸಬೇಕೆಂಬುದು ನನ್ನ ಆಸೆ. ಅವಳಿಗೆ ಕೊಡಲು ನನ್ನಲ್ಲಿ ಬೇರೇನೂ ಇರಲಿಲ್ಲ.

ಪದಕದ ಸುದ್ದಿ ಕೇಳಿದ್ದೇ ತಾತನ ಅಕ್ಕ ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೇ ಹಿಂದೂಪುರಕ್ಕೆ ಬಂದಿಳಿದರು. ನಾನು ಅವರನ್ನು ವದಿನಾ ಎನ್ನುತ್ತಿದ್ದೆ. ತಾತ ಹಾಸಿಗೆ ಹಿಡಿದಾಗ ಅವರಿಗೆ ಯಾವ ಬಸ್ಸೂ ಸಿಕ್ಕಿರಲಿಲ್ಲ.

"ಗಂಡನ್ನ ಕಳ್ಕಂಡೋಳ ಬೊಟ್ಟು ಮದುವೆ ಹೆಣ್ಣಿನ ಕೊರಳಿಗಾ? ಅಪಶಕುನ ಕಣಮ್ಮ! ಅಂಗಡಿಗೆ ಕೊಟ್ಟು ಬೇರೆ ಚಿನ್ನ ತಗಂಡ್ಬುಡಿ. ದೋಷ ಅಲ್ಲೇ ಕಳೆದೋಯ್ತದೆ."

ನಮ್ಮವರೆಲ್ಲ ಹೀಗೇ ಮಾಡುತ್ತಾರೆ. ನನ್ನ ದೋಷ ಪರಿಗಿಯ ಯಾವುದೋ ಹುಡುಗಿಯ ಕೊರಳಿಗೆ, ರೊದ್ದಂನ ಯಾವಳೋ ವಿಧವೆಯ ದೋಷ ನಮ್ಮ ಮನೆಗೆ. ಅಂಗಡಿಯ ತಕ್ಕಡಿ ಏರಿ ಇಳಿದರೆ ಎಲ್ಲವೂ ಮಡಿ! ಇದು ಹೊಳೆದರೂ ನನಗೆ ಹಿರಿಯರೆದುರು ಮಾತಾಡಿ ಅಭ್ಯಾಸವಿರಲಿಲ್ಲ. ನಿಮ್ಮಪ್ಪ ಆಗಲೇ ಹೂಂ ಎಂದು ತಲೆಯಾಡಿಸಿಬಿಟ್ಟಿದ್ದ.

ದೊಡ್ಡಕ್ಕ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಫೋನಿನಲ್ಲಿ ಒಂದು ಬಣ್ಣದ ಪಟ್ಟಿ ತೋರಿಸಿದಳು. ಕಾಮನಬಿಲ್ಲನ್ನು ಎಳೆದು ನೇರ ಮಾಡಿದಂತಿತ್ತು, ನಡುನಡುವೆ ಕಪ್ಪು ಗೆರೆ.

"ದೊಡ್ಡಜ್ಜೀ, ಇದು ಬಲು ಹಳೇ ನಕ್ಷತ್ರದ ಬೆಳಕು. ಈ ಗೆರೆಗಳು ಅದರಲ್ಲಿರೋ ಲೋಹಗಳ ಗುರುತು. ಕಬ್ಬಿಣ ಒಂದಿಷ್ಟೇ, ಆದ್ರೆ ಚಿನ್ನದ ಜೊತೆ ಹುಟ್ಟೋ ಭಾರದ ಲೋಹಗಳು ದಂಡಿಯಾಗಿವೆ. ಇದಕ್ಕೂ ಮುಂಚೆ ಹುಟ್ಟಿ ಸತ್ತ ನಕ್ಷತ್ರಗಳು ಚೆಲ್ಲಿ ಹೋಗಿರೋದು. ಸತ್ತ ನಕ್ಷತ್ರಗಳೆರಡು ಸುತ್ತಿ ಸುತ್ತಿ ಡಿಕ್ಕಿ ಹೊಡೆದಾಗ ಚಿನ್ನ ಹುಟ್ತದೆ."

"ಅದನ್ನೆಲ್ಲ ನಿನ್ನ ಕಾಲೇಜಲ್ಲೇ ಇಟ್ಕೋ, ತಲ್ಲೀ," ಎಂದರು ವದಿನೆ.

ನನಗೂ ಪೂರ್ತಿ ಅರ್ಥವಾಗಲಿಲ್ಲ. ಆದರೆ ವದಿನೆಯ ಕೊರಳಲ್ಲಿ ನಾಲ್ಕೆಳೆ ಸರ ಹೊಳೆಯುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಬಾಯಿ ತಾನೇ ತೆರೆಯಿತು.

"ವದಿನಾ, ಹಂಗಾದ್ರೆ ನಿಮ್ಮ ಸರಾನೂ ಸಾವಿನ ಮನೇದೇ. ಅಪಶಕುನ ಅಲ್ವಾ? ಬಿಚ್ಚಿ ಕೊಟ್ಬುಡಿ, ನಾನು ಎತ್ತಿಟ್ಕಂತೀನಿ."

ಅವರ ಎರಡೂ ಕೈ ಸರದ ಮೇಲೆ ಹೋದವು. ನಿಮ್ಮಪ್ಪ ಕೆಮ್ಮಿದಂತೆ ಮಾಡಿ ನಗು ನುಂಗಿದ.

"ನಿಂಗೂ ನಾಲಿಗೆ ಬಂದ್ಬುಡ್ತಾ!" ಎಂದರು ವದಿನೆ. ಆದರೆ ಮತ್ತೆ ದೋಷದ ಮಾತೆತ್ತಲಿಲ್ಲ. ಎತ್ತಿದರೆ ಸರ ಬಿಚ್ಚಬೇಕಿತ್ತಲ್ಲ.

ಮಧ್ಯಾಹ್ನವೇ ಹೋಗಿ ಅಕ್ಕಸಾಲಿಗನ ಮುಂದೆ ಕೂತೆವು. ನಮ್ಮ ಚಿನ್ನ ನಮ್ಮ ಕಣ್ಣೆದುರೇ ಕರಗಬೇಕೆಂದು ದೊಡ್ಡಕ್ಕನ ಹಠ. ತವರಿನದ್ಯಾವುದು, ಅತ್ತೆಮನೆಯದ್ಯಾವುದು ಎಂದು ತಿಳಿಯದಂತೆ ಎರಡೂ ಸೇರಿ ಒಂದೇ ಹನಿಯಾದವು.

ಮದುವೆಯ ದಿನ ವದಿನೆ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದ್ದರು. ದೊಡ್ಡಕ್ಕ ಪದಕದ ಸರ ಹಿಡಿದು ಅಲ್ಲಿಗೇ ಬಂದು, ಬೆನ್ನು ತಿರುಗಿಸಿ ನಿಂತು, "ಕೊಂಡಿ ಹಾಕಜ್ಜೀ" ಎಂದಳು. ಎರಡು ಸಲ ತಪ್ಪಿತು. ಮೂರನೇ ಸಲ ಹಾಕಿದೆ, ನೆಂಟರೆಲ್ಲ ನೋಡುತ್ತಿರುವಾಗಲೇ.